ಹತ್ತು–ಸೊನ್ನೆಯ ವರ್ಷ

ಹ್ಯಾಂಡ್‌ಬಾಲ್ ಆಡಿ ಗೊತ್ತಿರುವವರಿಗೆ 10–0 ಎಂಬ ಫಲಿತಾಂಶ ಕಂಡರೆ ನಗು ಬರಬೇಕು. ಈ ಆಟದಲ್ಲಿ ಅಂಥ ಅಂಕಿ ಹುಟ್ಟುವುದೇ ಇಲ್ಲ. 60 ನಿಮಿಷ ಮುಗಿಯುವಷ್ಟರಲ್ಲಿ ಎರಡೂ ಕಡೆ ಸೇರಿ 50ರ ಸುಮಾರು ಗೋಲು ಬಿದ್ದಿರುತ್ತವೆ. ಎಷ್ಟೇ ಸೊರಗಿದ ತಂಡವಾದರೂ ಹದಿನೈದು ಗೋಲಾದರೂ ಹೊಡೆದೇ ಮನೆಗೆ ಹೋಗುತ್ತದೆ. ಆದರೆ 2020–21ರ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನ ಪಟ್ಟಿ ತೆರೆದರೆ 28–25, 31–27ಗಳ ನಡುವೆ ಅಲ್ಲಲ್ಲಿ ಈ 10–0 ಎದುರಾಗುತ್ತದೆ. ಗೋಲು ಹೊಡೆದವರ ಹೆಸರಿಲ್ಲ, ತಡೆದವರ ಹೆಸರೂ ಇಲ್ಲ. ಆಡಲಾಗದ ಪಂದ್ಯಗಳ ಲೆಕ್ಕ ಅದು. ಯಾವುದೋ ತಂಡದಲ್ಲಿ ಕೋವಿಡ್ ಹಬ್ಬಿತು, ವಿಮಾನ ಹತ್ತಲು ಆಗಲಿಲ್ಲ, ದಿನಾಂಕ ಮುಂದೂಡಲು ಕ್ಯಾಲೆಂಡರಿನಲ್ಲಿ ಜಾಗ ಉಳಿಯಲಿಲ್ಲ. ವಿಯೆನ್ನಾದಲ್ಲಿರುವ ಯುರೋಪಿಯನ್ ಹ್ಯಾಂಡ್‌ಬಾಲ್ ಫೆಡರೇಷನ್ನಿನ ಕಚೇರಿ ನಿಯಮದ ಪುಸ್ತಕ ನೋಡಿ ಎದುರಾಳಿಗೆ ಹತ್ತು ಗೋಲು ಬರೆದುಕೊಟ್ಟಿತು.

ನಮ್ಮಲ್ಲಿ ಹ್ಯಾಂಡ್‌ಬಾಲ್ ಎಂದರೆ ಶಾಲಾ ಕ್ರೀಡಾಕೂಟದ ಆಟ. ಮಣ್ಣಿನ ಅಂಗಳ, ಸುಣ್ಣದ ಗೆರೆ, ಪಿಇ ಮೇಷ್ಟ್ರ ಸೀಟಿ. ಯುರೋಪಿನಲ್ಲಿ ಅದು ಚಳಿಗಾಲದ, ಸೂರಿನ ಕೆಳಗಿನ ಆಟ. 40 ಮೀಟರ್ ಉದ್ದ, 20 ಮೀಟರ್ ಅಗಲದ ನೆಲ, ಕಡೆಗೆ ಏಳು ಮಂದಿ. ಗೋಲಿನ ಮುಂದೆ ಆರು ಮೀಟರ್ ದೂರಕ್ಕೆ ಒಂದು ಬಾಗಿದ ಗೆರೆ. ಅದರೊಳಗೆ ಗೋಲ್‌ಕೀಪರ್ ಹೊರತು ಯಾರೂ ಕಾಲಿಡುವಂತಿಲ್ಲ. ಆದರೆ ಗೆರೆಯಾಚೆಯಿಂದ ಜಿಗಿದು, ಪಾದ ನೆಲ ಮುಟ್ಟುವ ಮೊದಲು ಚೆಂಡು ಬಿಟ್ಟರೆ ತಪ್ಪಿಲ್ಲ. ಇಡೀ ಆಟದ ಚೆಲುವು ಇರುವುದು ಗಾಳಿಯಲ್ಲಿ ತೇಲುವ ಆ ಅರೆಗಳಿಗೆಯಲ್ಲಿ. ಗೆರೆಯ ಮೇಲೆ ಎದುರಾಳಿಗಳ ನಡುವೆ ಬೆನ್ನು ಕೊಟ್ಟು ನಿಲ್ಲುವ ‘ಪಿವಟ್’ ಆಟಗಾರ್ತಿಯನ್ನು ನೋಡಿದರೆ ಕಬಡ್ಡಿ ಬಲ್ಲವರಿಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ: ತೋಳಿಗೆ ತೋಳು, ಸೊಂಟಕ್ಕೆ ಸೊಂಟ, ರೆಫರಿ ಕಂಡಷ್ಟು ಕಂಡರು, ಕಾಣದ್ದು ಬಿಟ್ಟರು.

ಇನ್ನೊಂದು ವಸ್ತುವನ್ನು ಹತ್ತಿರದಿಂದ ನೋಡಬೇಕು, ಅಂಟು. ಮಹಿಳೆಯರ ಚೆಂಡಿನ ಸುತ್ತಳತೆ 54ರಿಂದ 56 ಸೆಂಟಿಮೀಟರ್. ಓಡುತ್ತಾ ಅದನ್ನು ಒಂದೇ ಕೈಯಲ್ಲಿ ಹಿಡಿದು, ತಿರುಚಿ, ಕೀಪರ್ ಕಿವಿಯ ಪಕ್ಕದಲ್ಲಿ ತೂರಿಸಬೇಕಾದರೆ ಬರೀ ಬೆರಳು ಸಾಲದು. ಹಾಗಾಗಿ ಬೆರಳಿಗೆ ರಾಳದಂಥ ಅಂಟು ಮೆತ್ತಿಕೊಳ್ಳುತ್ತಾರೆ. ಕೆಲವರು ಅದನ್ನು ಬೂಟಿನ ಮೇಲೆ ಒಂದು ಮುದ್ದೆ ಅಂಟಿಸಿಟ್ಟುಕೊಂಡು, ಆಟದ ನಡುವೆ ಬಗ್ಗಿ ಬೆರಳು ಒತ್ತಿ ಏಳುತ್ತಾರೆ. ಅರ್ಧ ಗಂಟೆಯಲ್ಲಿ ಚೆಂಡಿನ ಬಣ್ಣವೇ ಕಾಣದು. ಹದಿನಾಲ್ಕು ಮಂದಿಯ ಬೆವರು, ಅಂಟು, ಉಸಿರು ಎಲ್ಲ ಒಂದೇ ಚೆಂಡಿನ ಮೇಲೆ. ಊರಿಗೆಲ್ಲ ಆರಡಿ ಅಂತರ ಕಾಯ್ದುಕೊಳ್ಳಿ ಎಂದು ಹೇಳುತ್ತಿದ್ದ ವರ್ಷದಲ್ಲಿ ಈ ಆಟವನ್ನು ಆಡಿಸಲು ಹೊರಟಿದ್ದರು.

ಅದಕ್ಕೂ ಹಿಂದಿನ ವರ್ಷ ಅರ್ಧಕ್ಕೇ ಮುರಿದುಬಿದ್ದಿತ್ತು. 2019–20ರ ಲೀಗ್ ಕ್ವಾರ್ಟರ್‌ಫೈನಲ್ ಹೊಸ್ತಿಲಿಗೆ ಬಂದು ನಿಂತಿದ್ದಾಗ ಸೋಂಕು ಬಂತು. ಏಪ್ರಿಲ್‌ನಲ್ಲಿ ಫೆಡರೇಷನ್ ಉಳಿದ ಪಂದ್ಯಗಳನ್ನೆಲ್ಲ ರದ್ದು ಮಾಡಿತು. ಕಪ್ ಯಾರಿಗೂ ಸಿಗಲಿಲ್ಲ. ಇದರಿಂದ ಹೆಚ್ಚು ನೊಂದವರು ಹಂಗೇರಿಯ ದ್ಯೋರ್ ಊರಿನವರು. (ಲ್ಯಾಟಿನ್ ಅಕ್ಷರದಲ್ಲಿ ಅದನ್ನು ‘ಗ’ಕಾರದಿಂದ ಬರೆಯುತ್ತಾರೆ. ಹಂಗೇರಿಯನ್ನರ ಬಾಯಲ್ಲಿ ಅದು ದ್ಯೋರ್.) 2017, 2018, 2019, ಮೂರು ವರ್ಷ ಸಾಲಾಗಿ ಕಪ್ ಆ ಊರಿಗೇ ಹೋಗಿತ್ತು. ಆ ಮೂರು ಫೈನಲ್‌ಗಳ ಲೆಕ್ಕ ನೋಡಿ: ಮೊದಲ ಎರಡು ಮೆಸಿಡೋನಿಯದ ವಾರ್ದಾರ್ ತಂಡದ ಎದುರು 31–30, 27–26, ಎರಡೂ ಹೆಚ್ಚುವರಿ ಸಮಯಕ್ಕೆ ಹೋಗಿ ಇತ್ಯರ್ಥವಾದವು. ಮೂರನೆಯದು ರಷ್ಯಾದ ರಸ್ತೋವ್-ದಾನ್ ಎದುರು 25–24. ಮೂರು ಕಪ್ಪಿಗೆ ಒಟ್ಟು ಮೂರೇ ಗೋಲಿನ ಅಂತರ! ಸಾಮ್ರಾಜ್ಯ ಎಂದು ಪತ್ರಿಕೆಗಳು ಬರೆದದ್ದು ಕೂದಲೆಳೆಯ ಮೇಲೆ ನಿಂತಿತ್ತು. ಅದನ್ನು ಅದೃಷ್ಟ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಕೊನೆಯ ನಿಮಿಷದಲ್ಲಿ ಕೈ ನಡುಗದಿರುವುದನ್ನು ಕಲಿಯಲು ವರ್ಷಗಟ್ಟಲೆ ಜೊತೆಗಿರಬೇಕು, ಜೊತೆಗಿರಿಸಿಕೊಳ್ಳಲು ದುಡ್ಡೂ ಬೇಕು.

ದುಡ್ಡು ದ್ಯೋರ್‌ಗೆ ಇತ್ತು. ಬುಡಾಪೆಸ್ಟ್ ಮತ್ತು ವಿಯೆನ್ನಾ ನಡುವಿನ ಈ ಊರಿನಲ್ಲಿ ಆಡಿ ಕಾರು ಕಂಪನಿಯ ದೊಡ್ಡ ಕಾರ್ಖಾನೆಯಿದೆ. ತಂಡದ ಹೆಸರಲ್ಲೇ ಆಡಿ ಸೇರಿತ್ತು, ಆಟದ ಮನೆಯ ಹೆಸರೂ ಆಡಿ ಅರೇನಾ. ಬ್ರೆಜಿಲ್‌ನ ಎದುವಾರ್ದಾ ಅಮೊರಿಂ, ನಾರ್ವೆಯ ಸ್ತೀನೆ ಓಫ್ತೆದಾಲ್, ಫ್ರಾನ್ಸಿನ ಎಸ್ತೆಲ್ ನ್ಝೆ ಮಿಂಕೋ, ಬೇರೆ ಬೇರೆ ದೇಶದ ರಾಷ್ಟ್ರೀಯ ತಂಡಗಳ ಬೆನ್ನೆಲುಬುಗಳೆಲ್ಲ ಒಂದೇ ಲಾಕರ್ ಕೋಣೆಯಲ್ಲಿ. ಇವರೆಲ್ಲರ ನಡುವೆ ಊರಿನವಳೇ ಎನಿಸಿಕೊಂಡವಳು ಅನಿತಾ ಗೋರ್ಬಿಟ್ಸ್. ಹೆಸರು ಕೇಳಿದರೆ ನಮ್ಮ ಬೀದಿಯ ಹುಡುಗಿ ಎನಿಸೀತು. 1983ರಲ್ಲಿ ಹುಟ್ಟಿದ ಅವಳು 2005ರಲ್ಲಿ ವಿಶ್ವದ ಶ್ರೇಷ್ಠ ಆಟಗಾರ್ತಿಯಾದಳು. ಎಲ್ಲೆಲ್ಲಿಂದಲೋ ಕರೆ ಬಂದರೂ ಇದೊಂದೇ ಕ್ಲಬ್ಬಿನಲ್ಲಿ ತನ್ನ ಆಟದ ಆಯುಷ್ಯ ಕಳೆದಳು. 13ನೇ ನಂಬರಿನ ಅಂಗಿ ಅವಳದು. 2020–21 ತನ್ನ ಕೊನೆಯ ವರ್ಷ ಎಂದು ಅವಳು ನಿರ್ಧರಿಸಿದ್ದಳು. 2018ರ ಜನವರಿಯ ನಂತರ ದ್ಯೋರ್ ಚಾಂಪಿಯನ್ಸ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ.

ಹೊಸ ಋತುವಿಗೆ ಹೊಸ ಸ್ವರೂಪ ಬಂತು. 16 ತಂಡ, ಎಂಟೆಂಟರ ಎರಡು ಗುಂಪು. ಎಂದರೆ ಗುಂಪಿನ ಹಂತದಲ್ಲೇ ಪ್ರತಿ ತಂಡಕ್ಕೆ 14 ಪಂದ್ಯ, ಅದಕ್ಕೆ ಯುರೋಪಿನ ಉದ್ದಗಲಕ್ಕೂ ಓಡಾಟ. ಸಾಂಕ್ರಾಮಿಕದ ನಡುವೆ ಓಡಾಟ ಹೆಚ್ಚಿಸಿದ್ದನ್ನು ಏನೆನ್ನಬೇಕೋ! ಲೀಗ್‌ನ ಹೆಸರಿಗೇ ಈಗ ಒಬ್ಬ ಪ್ರಾಯೋಜಕ ಅಂಟಿಕೊಂಡಿದ್ದ: ರಷ್ಯಾದ ಸಾಗಣೆ ಸಮೂಹ ‘ಡೆಲೋ’. ಅದರ ಒಡೆಯ ಸೆರ್ಗೆಯ್ ಶಿಷ್ಕರೆವ್ ಆಗ ಆ ದೇಶದ ಹ್ಯಾಂಡ್‌ಬಾಲ್ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. 2019ರಲ್ಲಷ್ಟೇ ಕಣ್ಣುಬಿಟ್ಟ ಸಿಎಸ್‌ಕೆಎ ಮಾಸ್ಕೋ ತಂಡ ತನ್ನ ಮೊದಲ ಚಾಂಪಿಯನ್ಸ್ ಲೀಗ್‌ಗೆ ಬಂದಿತ್ತು.

ಸೆಪ್ಟೆಂಬರಿನಲ್ಲಿ ಆಟ ಶುರುವಾದಾಗ ಟಿವಿಯಲ್ಲಿ ನೋಡಿದವರಿಗೆ ಮೊದಲು ಕಿವಿಗೆ ಬಿದ್ದದ್ದು ಬೂಟಿನ ಸದ್ದು. ತುಂಬಿದ ಸಭಾಂಗಣದಲ್ಲಿ ಡೋಲು, ತುತ್ತೂರಿಗಳಡಿ ಮುಳುಗಿ ಹೋಗುತ್ತಿದ್ದ ಸದ್ದು ಅದು: ಮರದ ನೆಲಕ್ಕೆ ರಬ್ಬರ್ ಉಜ್ಜಿದ ಕಿರುಚಲು, ಗೋಲುಕಂಬಕ್ಕೆ ಬಡಿದ ಚೆಂಡಿನ ಠಣತ್ಕಾರ, ರಕ್ಷಣೆಯವರು ಪರಸ್ಪರ ಕೂಗಿ ಹೇಳುವ ಎರಡಕ್ಷರದ ಸೂಚನೆಗಳು. ಟೈಮ್‌ಔಟ್‌ನಲ್ಲಿ ಕೋಚ್ ಬೈದದ್ದು ಪ್ರಪಂಚಕ್ಕೆಲ್ಲ ಕೇಳಿತು. ಬೆಂಚಿನಲ್ಲಿ ಮಾಸ್ಕ್ ತೊಟ್ಟು ಕುಳಿತವರು ಒಳಗೆ ಹೋಗುವಾಗ ಅದನ್ನು ತೆಗೆದು, ಹದಿಮೂರು ಮಂದಿಯ ಮೈಗೆ ಮೈ ತಾಗಿಸಿ ಆಡಿ, ವಾಪಸು ಬಂದು ಮತ್ತೆ ಮಾಸ್ಕ್ ತೊಡುತ್ತಿದ್ದರು. ಕೆಲವು ಕಡೆ ಓಡಾಟ ಉಳಿಸಲು ಎರಡು ತಂಡಗಳ ಎರಡೂ ಪಂದ್ಯಗಳನ್ನು ಒಂದೇ ಊರಿನಲ್ಲಿ, ಬೆನ್ನುಬೆನ್ನಿಗೆ ಆಡಿಸಿ ಮುಗಿಸಿದರು. ಆದರೂ 10–0ಗಳು ಬಂದವು.

ನಡುವೆ ಡಿಸೆಂಬರಿನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್. ಡೆನ್ಮಾರ್ಕ್, ನಾರ್ವೆ ಕೂಡಿ ನಡೆಸಬೇಕಿದ್ದದ್ದು. ಟೂರ್ನಿಗೆ ಕೆಲವೇ ವಾರವಿರುವಾಗ ನಾರ್ವೆ ಕೈಚೆಲ್ಲಿತು, ಸೋಂಕು ನಿಯಮಗಳಡಿ ಇದು ಆಗದು ಎಂದಿತು. ಡೆನ್ಮಾರ್ಕ್ ಇಡೀ ಭಾರ ಹೊತ್ತು ಪ್ರೇಕ್ಷಕರಿಲ್ಲದೆ ನಡೆಸಿತು. ಮನೆಗೆ ಬಾಗಿಲು ಹಾಕಿಕೊಂಡ ನಾರ್ವೆಯ ಹೆಂಗಸರೇ ಕಪ್ ಗೆದ್ದರು, ಫೈನಲ್‌ನಲ್ಲಿ ಫ್ರಾನ್ಸ್ ಎದುರು 22–20. 52 ಗೋಲು ಹೊಡೆದು ಆ ಟೂರ್ನಿಯ ಮೊದಲಿಗಳಾದವಳು ಎಡಗೈಯ ನೋರಾ ಮೋರ್ಕ್. ಅವಳ ಮೊಣಕಾಲುಗಳು ಎಷ್ಟು ಸಲ ಶಸ್ತ್ರಚಿಕಿತ್ಸೆಯ ಮೇಜು ಕಂಡಿದ್ದವು ಎಂದರೆ, ಅವಳು ಮತ್ತೆ ಆಡುವುದನ್ನು ಆಟ ಬಲ್ಲವರೂ ನಂಬಿರಲಿಲ್ಲ. ಆ ಬೇಸಿಗೆಯಲ್ಲೇ ಅವಳು ಬುಖಾರೆಸ್ಟ್‌ನಿಂದ ತಾಯ್ನಾಡಿಗೆ ಮರಳಿ ವೈಪರ್ಸ್ ಕ್ರಿಸ್ತಿಯಾನ್‌ಸಾನ್ ಸೇರಿದ್ದಳು.

ಕ್ರಿಸ್ತಿಯಾನ್‌ಸಾನ್ ನಾರ್ವೆಯ ದಕ್ಷಿಣ ತುದಿಯ ಬಂದರು ಪಟ್ಟಣ. ವೈಪರ್ ಎಂದರೆ ನಮ್ಮ ಕೊಳಕುಮಂಡಲದ ಕುಲದ ಹಾವು. ಅವರ ಆಟದ ಮನೆ ಅಕ್ವಾರಾಮಾ: ಒಂದೇ ಕಟ್ಟಡದಲ್ಲಿ ಈಜುಕೊಳ, ವ್ಯಾಯಾಮಶಾಲೆ, ಹ್ಯಾಂಡ್‌ಬಾಲ್ ನೆಲ. ತಂಡಕ್ಕೆ ಆಡಿಯಂಥ ಕಾರ್ಖಾನೆಯ ಬೆಂಬಲ ಇರಲಿಲ್ಲ. ಇದ್ದದ್ದು ಕೋಚ್ ಊಲೆ ಗುಸ್ತಾವ್ ಯೆಕ್ಸ್ಟಾಡ್, 21ರ ಹರೆಯದ ಹೆನ್ನಿ ರೈಸ್ಟಾಡ್, ಮತ್ತು ನಿವೃತ್ತಿಯ ವಯಸ್ಸು ದಾಟಿಯೂ ಮನೆಗೆ ಹೋಗಲೊಲ್ಲದ ಇಬ್ಬರು. ಒಬ್ಬಳು ಪಿವಟ್ ಹೈದಿ ಲೋಕೆ, 38 ವರ್ಷ. ಹಿಂದೆ ನಾರ್ವೆಯದೇ ಲಾರ್ವಿಕ್‌ಗೂ ದ್ಯೋರ್‌ಗೂ ಕಪ್ ಗೆದ್ದುಕೊಟ್ಟವಳು. ಇನ್ನೊಬ್ಬಳು ಗೋಲ್‌ಕೀಪರ್ ಕತ್ರಿನೆ ಲುನ್ನೆ.

ಲುನ್ನೆಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಹ್ಯಾಂಡ್‌ಬಾಲ್ ಕೀಪರ್ ಕೈಗವಸು ಹಾಕುವುದಿಲ್ಲ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಚೌಕಟ್ಟಿನ ಮುಂದೆ ಬರಿಗೈಯಲ್ಲಿ ನಿಂತು, ಏಳೆಂಟು ಮೀಟರಿನಿಂದ ಗಾಳಿಯಲ್ಲಿ ಹಾರಿ ಬಂದು ಎಸೆದ ಚೆಂಡಿಗೆ ಕೈಯೋ ಕಾಲೋ ಎದೆಯೋ ಕೆಲವೊಮ್ಮೆ ಮುಖವೋ ಒಡ್ಡಬೇಕು. ಬಂದ ಎಸೆತಗಳಲ್ಲಿ ಮೂರರಲ್ಲೊಂದು ತಡೆದರೆ ಒಳ್ಳೆಯ ದಿನ. ಮೂರರಲ್ಲಿ ಎರಡು ಸಲ ಸೋತು, ಸೋತದ್ದನ್ನು ಅಲ್ಲೇ ಮರೆಯುವ ಕಸುಬು ಅದು. ಲುನ್ನೆ ಕ್ರಿಸ್ತಿಯಾನ್‌ಸಾನ್‌ನಲ್ಲೇ ಹುಟ್ಟಿದವಳು, 1980ರಲ್ಲಿ. ಡೆನ್ಮಾರ್ಕಿನ ವೀಬೋರ್‌ ತಂಡದೊಡನೆ 2009, 2010ರಲ್ಲಿ ಕಪ್ ಗೆದ್ದಳು, ದ್ಯೋರ್ ಜೊತೆ 2013, 2014ರಲ್ಲಿ ಮತ್ತೆ ಗೆದ್ದಳು, ರಸ್ತೋವ್‌ನಲ್ಲಿ ಆಡಿ 2017ರಲ್ಲಿ ಹುಟ್ಟೂರಿಗೆ ವಾಪಸು ಬಂದಳು. ಊರಿಗೆ ಮರಳುವ ಆಟಗಾರರು ಸಾಮಾನ್ಯವಾಗಿ ಕೊನೆಯ ಒಂದೆರಡು ವರ್ಷ ಕಳೆಯಲು ಬರುತ್ತಾರೆ. ಇವಳ ಲೆಕ್ಕಾಚಾರ ಬೇರೆ ಇತ್ತು.

2021ರ ಜನವರಿ ಕೊನೆಯಲ್ಲಿ ನಾರ್ವೆ ಹೊರದೇಶದವರಿಗೆ ಗಡಿಯನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ವೈಪರ್ಸ್ ತನ್ನ ‘ತವರಿನ’ ಪಂದ್ಯಗಳನ್ನೂ ಪರಊರಿನಲ್ಲಿ ಆಡಬೇಕಾಯಿತು. ಹೊಟೇಲು, ಗಂಟಲಿನ ಪರೀಕ್ಷೆ, ಬಸ್ಸು, ಮತ್ತೆ ಹೊಟೇಲು. ಸೋಲುವುದಕ್ಕೆ ಒಪ್ಪುವಂಥ ನೆಪ ಅವರ ಕೈಯಲ್ಲೇ ಇತ್ತು. ಅದನ್ನು ಬಳಸಲಿಲ್ಲ.

ಕೊನೆಯ ನಾಲ್ಕು ತಂಡಗಳು ಮೇ 29ರ ಶನಿವಾರ ಬುಡಾಪೆಸ್ಟ್‌ನಲ್ಲಿ ಸೇರಿದವು. ಸೆಮಿಫೈನಲ್, ಫೈನಲ್ ಎರಡೂ ಒಂದೇ ವಾರಾಂತ್ಯದಲ್ಲಿ ಮುಗಿಸುವ ಈ ‘ಫೈನಲ್ ಫೋರ್’ ಪದ್ಧತಿ ಮಹಿಳಾ ಲೀಗ್‌ನಲ್ಲಿ 2014ರಿಂದ ಇದೆ, ಜಾಗ ಯಾವಾಗಲೂ ಬುಡಾಪೆಸ್ಟ್. ದ್ಯೋರ್‌ನಿಂದ ಅಲ್ಲಿಗೆ ಕಾರಿನಲ್ಲಿ ಒಂದೂವರೆ ತಾಸು. ಮೊದಲ ಸೆಮಿಫೈನಲ್‌ನಲ್ಲಿ ದ್ಯೋರ್ ಎದುರು ನಿಂತದ್ದು ಫ್ರಾನ್ಸಿನ ಬ್ರೆಸ್ಟ್ ಬ್ರೆತಾನ್ಯ್.

ಬ್ರೆಸ್ಟ್‌ನ ಕತೆ ಕೇಳುವಂಥದ್ದು. ಅಟ್ಲಾಂಟಿಕ್ ಅಂಚಿನ ಈ ನೌಕಾನೆಲೆಯ ಊರಿನಲ್ಲಿ ಹಿಂದೆ ಆರ್ವೋರ್ 29 ಎಂಬ ಕ್ಲಬ್ ಇತ್ತು. 2012ರಲ್ಲಿ ಅದು ಫ್ರೆಂಚ್ ಲೀಗ್ ಗೆದ್ದಿತು. ಗೆದ್ದ ಬೆನ್ನಿಗೇ ಲೆಕ್ಕಪತ್ರ ಕೈಕೊಟ್ಟಿತು, ಚಾಂಪಿಯನ್ನರು ಕೆಳಗಿನ ದರ್ಜೆಗೆ ದೂಡಿಸಿಕೊಂಡರು. ಹೆಸರು ಬದಲಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, 2016ರಲ್ಲಿ ಮೊದಲ ದರ್ಜೆಗೆ ಮರಳಿದ ತಂಡ ಇದು. ಈಗ ಅದರಲ್ಲಿ ಸ್ಲೊವೇನಿಯಾದ ಎಡಗೈ ಎಸೆತಗಾರ್ತಿ ಆನಾ ಗ್ರೋಸ್ ಇದ್ದಳು. ಆ ವರ್ಷದ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವಳು. 2016ರಲ್ಲಿ ಬುಖಾರೆಸ್ಟ್‌ಗೆ ಕಪ್ ಗೆದ್ದುಕೊಟ್ಟ ಸ್ವೀಡನ್ನಿನ ಇಸಬೆಲ್ ಗುಲ್ದೇನ್ ಇದ್ದಳು. ಗೋಲಿನಲ್ಲಿ ಡೆನ್ಮಾರ್ಕಿನ ಸಾಂಡ್ರಾ ಟೊಫ್ಟ್. ಕೋಚ್ ಲೊರಾಂ ಬೆಝೋ.

ಆ ಸಂಜೆ ಆಟದ ಸಮಯ ಮುಗಿದರೂ ಎರಡು ತಂಡಗಳನ್ನು ಬೇರ್ಪಡಿಸಲಾಗಲಿಲ್ಲ. ಉಳಿದದ್ದು ಏಳು ಮೀಟರ್ ಎಸೆತಗಳ ಇತ್ಯರ್ಥ. ಅದರ ಕ್ರಮ ಹೀಗೆ: ಎಸೆಯುವವಳು ಏಳು ಮೀಟರಿನ ಪುಟ್ಟ ಗೆರೆಯ ಹಿಂದೆ ಒಂದು ಪಾದ ಊರಿ ನಿಲ್ಲುತ್ತಾಳೆ, ಆ ಪಾದ ಕದಲುವಂತಿಲ್ಲ. ಕೀಪರ್ ಬೇಕಿದ್ದರೆ ನಾಲ್ಕು ಮೀಟರ್ ಗೆರೆಯವರೆಗೆ ಮುಂದೆ ಬರಬಹುದು. ಸೀಟಿ ಊದಿದ ಮೇಲೆ ಮೂರು ಸೆಕೆಂಡು. ಫುಟ್‌ಬಾಲಿನ ಪೆನಾಲ್ಟಿಯಂತೆ ಓಡಿ ಬರುವ ಅವಕಾಶವಿಲ್ಲ, ಚಡಪಡಿಕೆಯನ್ನು ಕಾಲಿನಿಂದ ಹೊರಹಾಕಲು ದಾರಿಯಿಲ್ಲ. ಮುಂಗೈಯ ಒಂದು ತಿರುವು, ಕಣ್ಣಿನ ಒಂದು ಸುಳ್ಳು, ಅಷ್ಟೇ. ತಂಡಕ್ಕೆ ಐದೈದು ಮಂದಿ. ಮೂರು ಫೈನಲ್‌ಗಳನ್ನು ಒಂದೊಂದೇ ಗೋಲಿನಿಂದ ಗೆದ್ದವರು, ಕೈ ನಡುಗದವರು ಎಂದು ಹೆಸರಾದವರು ಇಲ್ಲಿ ಸೋತರು. 55 ಪಂದ್ಯಗಳ ಸೋಲಿಲ್ಲದ ಓಟ ನಿಂತಿತು.

ಅವರ ಹಂಗೇರಿ ಲೀಗ್ ಪಟ್ಟವೂ ಆ ವರ್ಷ ರಾಜಧಾನಿಯ ಫೆರೆನ್ಸ್‌ವಾರೋಷ್ ಪಾಲಾಯಿತು. ಇನ್ನೊಂದು ಸೆಮಿಫೈನಲ್‌ನಲ್ಲಿ ವೈಪರ್ಸ್ ಸಿಎಸ್‌ಕೆಎಯನ್ನು 33–30ರಿಂದ ಸೋಲಿಸಿತ್ತು. ಮರುದಿನ ದ್ಯೋರ್ ಅದೇ ಮಾಸ್ಕೋ ತಂಡವನ್ನು ಮಣಿಸಿ ಮೂರನೇ ಸ್ಥಾನ ಪಡೆಯಿತು. ಐದು ಸಲ ಕಪ್ ಎತ್ತಿದ್ದ ಗೋರ್ಬಿಟ್ಸ್ ಯುರೋಪಿನ ಅಂಗಳ ಬಿಟ್ಟದ್ದು ಕಂಚಿನೊಂದಿಗೆ. ಅಮೊರಿಂ ಕೂಡ ಆ ಬೇಸಿಗೆಯಲ್ಲಿ ದ್ಯೋರ್ ತೊರೆದಳು.

ಫೈನಲ್ ಬಗ್ಗೆ ಹೆಚ್ಚು ಹೇಳಲಾರೆ. ಸೆಮಿಫೈನಲ್‌ನಲ್ಲೇ ಬ್ರೆಸ್ಟ್ ಉಸಿರು ಖರ್ಚು ಮಾಡಿಕೊಂಡಿತ್ತು. ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಬಂದ ಮೊದಲ ಫ್ರೆಂಚ್ ಮಹಿಳಾ ತಂಡ ಎಂಬ ಗೌರವವೇ ಅವರಿಗೆ ಸಿಕ್ಕಿದ್ದು. ವೈಪರ್ಸ್ ಗೆದ್ದದ್ದು 34–28ರಿಂದ. ಹತ್ತು ವರ್ಷದ ಹಿಂದೆ ಲಾರ್ವಿಕ್ ಗೆದ್ದ ಮೇಲೆ ನಾರ್ವೆಗೆ ಬಂದ ಎರಡನೇ ಕಪ್ ಇದು. 41 ವರ್ಷದ ಲುನ್ನೆಗೆ ಐದನೆಯದು. 2022ರಲ್ಲಿ ದ್ಯೋರ್ ಎದುರು 33–31, 2023ರಲ್ಲಿ ಫೆರೆನ್ಸ್‌ವಾರೋಷ್ ಎದುರು 28–24, ಹೀಗೆ ವೈಪರ್ಸ್ ಕೂಡ ಮೂರು ವರ್ಷ ಸಾಲಾಗಿ ಗೆದ್ದಿತು. ಲುನ್ನೆಯ ಲೆಕ್ಕ ಏಳಕ್ಕೇರಿತು. 2021ರ ಫೈನಲ್‌ನಲ್ಲಿ ಅವರೆದುರು ಸೋತ ಗುಲ್ದೇನ್ ಅದೇ ಬೇಸಿಗೆಯಲ್ಲಿ ವೈಪರ್ಸ್ ಸೇರಿದಳು. ಟೊಫ್ಟ್ ತಾನು ಸೋಲಿಸಿದ ದ್ಯೋರ್‌ಗೇ ಹೋದಳು. ಗ್ರೋಸ್ ಮಾಸ್ಕೋಗೆ. ವರ್ಷ ಕಳೆಯುವ ಮೊದಲೇ ರಷ್ಯಾ ಯುಕ್ರೇನಿನ ಮೇಲೆ ನುಗ್ಗಿತು. ಸಿಎಸ್‌ಕೆಎ, ರಸ್ತೋವ್ ಎರಡನ್ನೂ ಫೆಡರೇಷನ್ ಹೊರಗಿಟ್ಟಿತು, ಲೀಗ್‌ನ ಹೆಸರಿನಿಂದ ‘ಡೆಲೋ’ವನ್ನೂ ಒರೆಸಿಹಾಕಿತು.

ಈ ಆಟದ ಹಳೆಯ ಫೈನಲ್‌ಗಳ ಪಟ್ಟಿ ಓದುವುದು ನನಗೊಂದು ಚಟ. ಮೊದಮೊದಲ ಪುಟಗಳಲ್ಲಿ ಸರಕಾರಗಳಿವೆ: 1970ರಿಂದ 1988ರೊಳಗೆ 13 ಸಲ ಗೆದ್ದ ಸ್ಪಾರ್ತಾಕ್ ಕೀವ್, ಇಗೋರ್ ತುರ್ಚಿನ್ ಕಟ್ಟಿದ್ದು. ಸೋವಿಯತ್ ಒಕ್ಕೂಟದೊಡನೆ ಆ ಯುಗವೂ ಮುಗಿಯಿತು. ಆಮೇಲೆ ಕಂಪನಿಗಳು. ಎಂಟು ಸಲ ಗೆದ್ದ ಆಸ್ಟ್ರಿಯದ ‘ಹಿಪೋ’ ಒಂದು ಬ್ಯಾಂಕಿನ ಹೆಸರು. 2010ರ ಫೈನಲ್‌ಗೆ ಬಂದ ರೊಮೇನಿಯದ ಓಲ್ಟ್‌ಕಿಮ್ ಒಂದು ರಾಸಾಯನಿಕ ಕಾರ್ಖಾನೆ. ಕಾರ್ಖಾನೆ ದಿವಾಳಿಯಾದಾಗ 2013ರಲ್ಲಿ ತಂಡವೂ ಹೋಯಿತು. 2011ರಲ್ಲಿ ಲಾರ್ವಿಕ್ ಎದುರು ಫೈನಲ್ ಆಡಿದ ಸ್ಪೇನಿನ ಇಟ್ಶಾಕೊ ಎರಡೇ ವರ್ಷಕ್ಕೆ ಬಾಗಿಲು ಹಾಕಿತು. ಗೆದ್ದ ಲಾರ್ವಿಕ್ ಕೂಡ 2017ರಲ್ಲಿ ಸಾಲದಲ್ಲಿ ಮುಳುಗಿ ತನ್ನ ತಾರೆಯರನ್ನು ಬಿಟ್ಟುಕೊಟ್ಟಿತು. ದ್ಯೋರ್ ಎದುರು ಎರಡು ಫೈನಲ್‌ಗಳನ್ನು ಒಂದೊಂದು ಗೋಲಿನಿಂದ ಕಳೆದುಕೊಂಡ ವಾರ್ದಾರ್‌ನಿಂದ, 2018ರಲ್ಲಿ, ಹಣ ಹಾಕುತ್ತಿದ್ದ ರಷ್ಯನ್ ಉದ್ಯಮಿ ಕೈತೆಗೆದ, ತಂಡ ಚೆದುರಿತು. ಕೋಟಿಗಟ್ಟಲೆ ಟಿವಿ ಹಣ ಹರಿಯದ ಆಟದಲ್ಲಿ ಗೆಲುವು ಆದಾಯವಲ್ಲ, ಖರ್ಚು. ಗೆದ್ದಷ್ಟೂ ಆಟಗಾರ್ತಿಯರ ಬೆಲೆ ಏರುತ್ತದೆ, ಬಾಗಿಲಲ್ಲಿ ಮಾರುವ ಟಿಕೆಟ್ ಮಾತ್ರ ಅಷ್ಟೇ ಇರುತ್ತದೆ.

2024ರ ಅಕ್ಟೋಬರಿನಲ್ಲಿ ವೈಪರ್ಸ್ ಬೊಕ್ಕಸ ಬರಿದಾದ ಸುದ್ದಿ ಹೊರಬಂತು. ಕ್ಲಬ್ ಮುಳುಗಿತು ಎನ್ನುವಷ್ಟರಲ್ಲಿ ಹೂಡಿಕೆದಾರರು ಬಂದು ಎತ್ತಿದರು. ಆ ಉಸಿರು ಮೂರು ತಿಂಗಳು ಬಂತು. 2025ರ ಜನವರಿಯಲ್ಲಿ ಮೂರು ಸಲದ ಯುರೋಪ್ ಚಾಂಪಿಯನ್ನರು ದಿವಾಳಿ ಅರ್ಜಿ ಹಾಕಿದರು. ಚಾಂಪಿಯನ್ಸ್ ಲೀಗ್ ಅರ್ಧದಲ್ಲಿತ್ತು. ಆಟಗಾರ್ತಿಯರು ನಡುಚಳಿಗಾಲದಲ್ಲಿ ಚೀಲ ಕಟ್ಟಿಕೊಂಡು ಬೇರೆ ಬೇರೆ ದೇಶಗಳಲ್ಲಿ ಕೆಲಸ ಹುಡುಕಿದರು.

ಅದೇ ಲೀಗ್‌ನ ಫೈನಲ್ ಜೂನ್ 1ರಂದು ಬುಡಾಪೆಸ್ಟ್‌ನಲ್ಲಿ, ಹೊಸದಾಗಿ ಕಟ್ಟಿದ ಎಂವಿಎಂ ಡೋಮ್‌ನಲ್ಲಿ ನಡೆಯಿತು. ಒಂದು ಕಡೆ ದ್ಯೋರ್. ಇನ್ನೊಂದು ಕಡೆ ಡೆನ್ಮಾರ್ಕಿನ ಒಡೆನ್ಸೆ, ಅದರ ಬೆಂಚಿನಲ್ಲಿ ಯೆಕ್ಸ್ಟಾಡ್. ವೈಪರ್ಸ್‌ಗೆ ಮೂರು ಕಪ್ ಗೆದ್ದುಕೊಟ್ಟು 2023ರಲ್ಲಿ ಅಲ್ಲಿಂದ ಹೊರಟಿದ್ದ ಕೋಚ್. ಪ್ರೇಕ್ಷಕರು ತುಂಬಿದ್ದರು, ಡೋಲು ಬಡಿಯುತ್ತಿತ್ತು, ಬೂಟಿನ ಸದ್ದು ಕೇಳಿಸುವಂತಿರಲಿಲ್ಲ. ದ್ಯೋರ್ 29–27ರಿಂದ ಗೆದ್ದಿತು.